ಹೋಗುವಾಗ ಕೊಡಿ, ಬರುವಾಗ ನೋಡಿ: ಚಿತ್ರದುರ್ಗ–ದಾವಣಗೆರೆ ದಾರಿಯಲ್ಲಿ ಶಾಲೆಗಳಿಗೆ ಲ್ಯಾಪ್‌ಟಾಪ್, ಟಿವಿ ತಲುಪಿಸುವ ಸಮಗ್ರ ಮಾರ್ಗದರ್ಶಿ

ಸರ್ಕಾರಿ ಶಾಲೆಗೆ ಲ್ಯಾಪ್‌ಟಾಪ್ ಕೊಡಬೇಕೆನ್ನುವವರು ಊರೂರಿನಲ್ಲಿದ್ದಾರೆ. ಕೊಟ್ಟ ಮೂರನೇ ದಿನ ಅದು ಆನ್ ಆಗದಿದ್ದಾಗ ಮೇಷ್ಟ್ರ ಪಕ್ಕದಲ್ಲಿ ಕೂತು ಏನಾಗಿದೆ ಎಂದು ನೋಡುವವರು ಬಹಳ ಕಡಿಮೆ. ಕೊರಿಯರ್‌ನಲ್ಲಿ ಕಳಿಸದೆ ಕಾರಿನಲ್ಲಿ ನಾವೇ ಒಯ್ಯುವುದರ ಲಾಭ ಇಲ್ಲಿದೆ. ಆದ್ದರಿಂದ ಪ್ರವಾಸವನ್ನು ಒಂದು ಸುತ್ತು ಹಾಕಿ ಮುಗಿಸಬೇಡಿ. ಹೋದ ದಾರಿಯಲ್ಲೇ ವಾಪಸು ಬರುವಂತೆ ಯೋಜಿಸಿ. ಹೋಗುವಾಗ ಜೋಡಿಸಿ ಕೊಟ್ಟ ಶಾಲೆಗೆ ಬರುವಾಗ ಇನ್ನೊಮ್ಮೆ ಹೋಗಬೇಕು. ಉಪಕರಣದ ಬಹುಪಾಲು ತೊಂದರೆಗಳು ಮೊದಲ ವಾರದಲ್ಲೇ ಬಯಲಾಗುತ್ತವೆ: ಸಡಿಲ ಪ್ಲಗ್, ಮರೆತ ಪಾಸ್‌ವರ್ಡ್, ಓಡದ ವೀಡಿಯೊ, ಧ್ವನಿ ಬಾರದ ಟಿವಿ.

ಒಂದು ವಾರದ ಪ್ರವಾಸಕ್ಕೆ ಮೂರು ಶಾಲೆ ಸಾಕು. ಹತ್ತು ಶಾಲೆಗೆ ಒಂದೊಂದು ಡಬ್ಬ ಹಂಚುವುದಕ್ಕಿಂತ ಮೂರು ಶಾಲೆಯಲ್ಲಿ ಪಾಠ ನಿಜವಾಗಿ ನಡೆಯುವಂತೆ ಮಾಡುವುದು ಮೇಲು.

ಯಾವ ತಿಂಗಳು, ಯಾವ ಶಾಲೆ

ಶಾಲೆಗಳಲ್ಲಿ ಕೆಲಸ ಆಗುವ ಕಾಲ ಎರಡು: ಜೂನ್ ಮಧ್ಯದಿಂದ ಜುಲೈವರೆಗೆ, ಮತ್ತೆ ದಸರಾ ರಜೆ ಮುಗಿದ ಮೇಲೆ ನವೆಂಬರ್‌ನಿಂದ ಜನವರಿವರೆಗೆ. ಫೆಬ್ರವರಿ–ಮಾರ್ಚ್‌ನಲ್ಲಿ ಪರೀಕ್ಷೆಯ ಒತ್ತಡ, ಏಪ್ರಿಲ್–ಮೇನಲ್ಲಿ ರಜೆ. ಬಯಲುಸೀಮೆಯ ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ತುಂಬಿದ ಕಾರನ್ನು ಬಿಸಿಲಲ್ಲಿ ನಿಲ್ಲಿಸುವುದೂ ಒಳ್ಳೆಯದಲ್ಲ. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಚುನಾವಣೆ ತರಬೇತಿಯ ದಿನಗಳನ್ನು ಮುಖ್ಯ ಶಿಕ್ಷಕರಿಂದಲೇ ಕೇಳಿ ತಿಳಿದುಕೊಳ್ಳಿ.

ಹೆದ್ದಾರಿ ಪಕ್ಕದ ಶಾಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ರಾಷ್ಟ್ರೀಯ ಹೆದ್ದಾರಿ 48ರಿಂದ ಒಳಗೆ ಸರಿಯಿರಿ: ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ತಾಲ್ಲೂಕುಗಳ ಹಳ್ಳಿಗಳು, ಗೊಲ್ಲರಹಟ್ಟಿಗಳು, ತಾಂಡಾಗಳು. ಶಾಲೆಯನ್ನು ನೀವೇ ಆರಿಸುವ ಬದಲು ಸಿಆರ್‌ಪಿ (ಅಕ್ಕಪಕ್ಕದ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಮೂಹ ಸಂಪನ್ಮೂಲ ವ್ಯಕ್ತಿ) ಅವರನ್ನು ಕೇಳಿ. ಯಾವ ಶಾಲೆಯಲ್ಲಿ ಮೇಷ್ಟ್ರು ತಮ್ಮ ಫೋನನ್ನೇ ಮಕ್ಕಳ ಮುಂದೆ ಹಿಡಿದು ಪಾಠ ತೋರಿಸುತ್ತಿದ್ದಾರೆ ಎನ್ನುವುದು ಅವರಿಗೆ ಗೊತ್ತಿರುತ್ತದೆ. ಅಂಥ ಶಾಲೆಯೇ ಮೊದಲು. ಉಪಕರಣ ಎಂಥದ್ದೇ ಇರಲಿ, ಬಳಸುವ ಆಸೆ ಇರುವ ಒಬ್ಬ ಶಿಕ್ಷಕರು ಅಲ್ಲಿರಬೇಕು.

ಹೊರಡುವುದಕ್ಕೆ ಆರರಿಂದ ಎಂಟು ವಾರ ಮೊದಲು ಆಯಾ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪುಟದ ಪತ್ರ ಕೊಡಿ. ಯಾರು, ಏನು, ಎಷ್ಟು, ಯಾವ ಶಾಲೆಗೆ, ಯಾವ ದಿನ ಎಂದು ಬರೆದರೆ ಸಾಕು. ಪ್ರತಿ ಶಾಲೆಗೂ ಇರುವ ಸರ್ಕಾರಿ ಗುರುತಿನ ಸಂಖ್ಯೆ, ಅಂದರೆ ಯೂಡೈಸ್ ಸಂಖ್ಯೆಯನ್ನು ಪತ್ರದಲ್ಲಿ ನಮೂದಿಸಿ. ಒಂದೇ ಹೆಸರಿನ ಹಳ್ಳಿಗಳು ಬೇಕಾದಷ್ಟಿವೆ, ಈ 11 ಅಂಕಿ ಇದ್ದರೆ ಗೊಂದಲ ಇರುವುದಿಲ್ಲ.

ಮೇಷ್ಟ್ರನ್ನು ಮೊದಲು ಕೇಳಿ

ಫೋನಿನಲ್ಲಿ ಅರ್ಧ ಗಂಟೆ ಮಾತಾಡಿ, ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ಯಾವ ತರಗತಿಗೆ, ಯಾವ ವಿಷಯಕ್ಕೆ ಬಳಸುತ್ತೀರಿ? ಮಕ್ಕಳು ಬೆಂಚಿನ ಮೇಲೋ ನೆಲದ ಮೇಲೋ? ಕೋಣೆಯ ಉದ್ದ ಎಷ್ಟು? ಕರೆಂಟು ದಿನದಲ್ಲಿ ಯಾವ ಹೊತ್ತಿಗೆ ಹೋಗುತ್ತದೆ? ಯಾವ ಕಂಪನಿಯ ಸಿಮ್‌ಗೆ ಶಾಲೆಯ ಒಳಗೆ ಸಿಗ್ನಲ್ ಬರುತ್ತದೆ? ಬೀಗ ಹಾಕುವ ಕಬ್ಬಿಣದ ಬೀರು ಇದೆಯೇ? ಈ ಮೊದಲು ಬಂದ ಉಪಕರಣ ಏನಾಯಿತು?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಹಳೆಯ ಯುಪಿಎಸ್ ಬ್ಯಾಟರಿ ಸತ್ತು ಇಡೀ ಕಂಪ್ಯೂಟರ್ ಕೋಣೆ ಮುಚ್ಚಿದ್ದರೆ ಆ ಶಾಲೆಗೆ ಹೊಸ ಲ್ಯಾಪ್‌ಟಾಪ್ ಬೇಡ, ಬ್ಯಾಟರಿ ಬೇಕು.

ಜೊತೆಗೆ ನಾಲ್ಕು ಫೋಟೊ ಕಳಿಸಲು ಕೇಳಿ: ಟಿವಿ ಕೂರಿಸುವ ಗೋಡೆ, ಹತ್ತಿರದ ಪ್ಲಗ್ ಪಾಯಿಂಟ್, ಮೀಟರ್ ಬೋರ್ಡು, ಕಿಟಕಿ. ಪ್ಲಗ್ ಎರಡು ಪಿನ್ನಿನದೋ ಮೂರು ಪಿನ್ನಿನದೋ, ಬೆಳಕು ಟಿವಿಯ ಎದುರಿನಿಂದ ಬೀಳುತ್ತದೋ ಪಕ್ಕದಿಂದಲೋ, ಗೋಡೆ ಇಟ್ಟಿಗೆಯದೋ ಮಣ್ಣಿನದೋ ಎನ್ನುವುದೆಲ್ಲ ಅದರಲ್ಲೇ ಕಾಣುತ್ತದೆ.

ಒಂದು ಶಾಲೆಗೆ ಬೇಕಾದ ಸಾಮಾನು

ಪ್ರೊಜೆಕ್ಟರ್ ಕೊಡುವ ಆಸೆ ಹಲವರಿಗೆ. ಬಯಲುಸೀಮೆಯ ಶಾಲೆಗೆ ಅದು ಹೊಂದುವುದಿಲ್ಲ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಚಿತ್ರ ಮಸುಕು. ಧೂಳು ಫಿಲ್ಟರಿಗೆ ಕಟ್ಟಿ ಬಿಸಿಯೇರಿ ನಿಂತುಬಿಡುತ್ತದೆ. ಲ್ಯಾಂಪ್ ಹೋದರೆ ಬದಲಿಸಲು ದುಡ್ಡಿರುವುದಿಲ್ಲ. ಎಲ್‌ಇಡಿ ಟಿವಿಯೇ ಸರಿ.

ಟಿವಿಯ ಅಳತೆಗೆ ಸುಲಭದ ಲೆಕ್ಕವಿದೆ: ಪರದೆಯ ಎತ್ತರದ ಆರರಿಂದ ಎಂಟು ಪಟ್ಟು ದೂರದವರೆಗೆ ಮಕ್ಕಳಿಗೆ ಸರಿಯಾಗಿ ಕಾಣುತ್ತದೆ. 43 ಇಂಚಿನ ಟಿವಿಯ ಪರದೆ ಸುಮಾರು 53 ಸೆಂ.ಮೀ. ಎತ್ತರ, ಅಂದರೆ ನಾಲ್ಕು ಮೀಟರ್ ಒಳಗೆ ಕೂತವರಿಗೆ ಸಾಕು. 20 ಅಡಿ ಕೋಣೆಯ ಹಿಂದಿನ ಸಾಲಿಗೆ ಅಕ್ಷರ ಓದಿಸಬೇಕಾದರೆ 55 ಇಂಚು ಬೇಕು. ಇಷ್ಟು ದೊಡ್ಡ ಟಿವಿಯನ್ನು ಬೆಂಗಳೂರಿನಿಂದ ಕಾರಿನಲ್ಲಿ ಹೊರಬೇಡಿ. ಚಳ್ಳಕೆರೆ, ಚಿತ್ರದುರ್ಗ ಅಥವಾ ದಾವಣಗೆರೆಯ ಅಂಗಡಿಯಲ್ಲಿ ಶಾಲೆಯ ಹೆಸರಿಗೆ ಬಿಲ್ ಮಾಡಿಸಿ, ನೀವು ಶಾಲೆಯಲ್ಲಿರುವ ದಿನವೇ ತಲುಪಿಸಲು ಹೇಳಿ. ಕೆಟ್ಟಾಗ ಮೇಷ್ಟ್ರು ಹೋಗಿ ಕೇಳುವ ಅಂಗಡಿ ಹತ್ತಿರದಲ್ಲಿರಬೇಕು. ಇನ್ವರ್ಟರ್ ಬ್ಯಾಟರಿಗೂ ಇದೇ ಮಾತು. ಆಸಿಡ್ ತುಂಬಿದ 150 ಎಎಚ್ (ಆಂಪಿಯರ್ ಅವರ್) ಸಾಮರ್ಥ್ಯದ ಟ್ಯೂಬುಲರ್ ಬ್ಯಾಟರಿ 50 ಕಿಲೋ ಮೇಲಿರುತ್ತದೆ, ಅದನ್ನು ಲ್ಯಾಪ್‌ಟಾಪ್ ಪಕ್ಕ ಇಟ್ಟುಕೊಂಡು ಬರುವುದು ಅಪಾಯ.

ಕಾರಿನಲ್ಲಿ ಒಯ್ಯುವುದು ಪ್ರತಿ ಶಾಲೆಗೆ ಇಷ್ಟು:

- ಮೇಷ್ಟ್ರ ಬಳಕೆಗೆ ಎರಡು ಲ್ಯಾಪ್‌ಟಾಪ್ (ಒಂದು ಕೆಟ್ಟರೆ ಇನ್ನೊಂದಿರಲಿ), ಅವುಗಳ ಚಾರ್ಜರ್, ಎರಡೂ ಒಂದೇ ಮಾದರಿ
- ಐದು ಮೀಟರಿನ ಎಚ್‌ಡಿಎಂಐ ಕೇಬಲ್ ಎರಡು, ಲ್ಯಾಪ್‌ಟಾಪ್ ಕಡೆ ಸಿಕ್ಕಿಸಲು ಅರ್ಧ ಅಡಿಯ ಜೋಡುಕೇಬಲ್ ಒಂದು
- 20 ವ್ಯಾಟ್ ಆಸುಪಾಸಿನ ಸ್ಪೀಕರ್ ಜೋಡಿ
- 32 ಜಿಬಿ ಪೆನ್‌ಡ್ರೈವ್ ಎರಡು, ಮೌಸ್ ಎರಡು
- ಮೂರು ಪಿನ್ನಿನ, ಫ್ಯೂಸ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್
- ಟಿವಿಗೆ ಸ್ಟೆಬಿಲೈಸರ್

ಜೋಡುಕೇಬಲ್ ಯಾಕೆಂದರೆ, ದಿನಾ ಕಿತ್ತು ಸಿಕ್ಕಿಸಿ ಸವೆಯುವುದು ಆ ಅರ್ಧ ಅಡಿ ತುಂಡು, ಲ್ಯಾಪ್‌ಟಾಪಿನ ಪೋರ್ಟ್ ಉಳಿಯುತ್ತದೆ. ಸ್ಪೀಕರ್ ಬೇರೆ ಯಾಕೆಂದರೆ, ತೆಳು ಟಿವಿಗಳ ಧ್ವನಿ ಕೆಳಕ್ಕೋ ಗೋಡೆಯ ಕಡೆಗೋ ಹೋಗುತ್ತದೆ. ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಏನೂ ಕೇಳಿಸುವುದಿಲ್ಲ.

ಒಟ್ಟು ದುಡ್ಡಿನಲ್ಲಿ ಐದರಲ್ಲೊಂದು ಪಾಲನ್ನು ವೈರಿಂಗ್, ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆ), ಮೊದಲ ವರ್ಷದ ದುರಸ್ತಿಗೆ ತೆಗೆದಿಡಿ. ಇದನ್ನು ಬಿಟ್ಟು ಇನ್ನೊಂದು ಲ್ಯಾಪ್‌ಟಾಪ್ ಕೊಳ್ಳಬೇಡಿ.

ಇನ್ವರ್ಟರ್ ಲೆಕ್ಕ ಹೀಗೆ. ಟಿವಿ 120, ಲ್ಯಾಪ್‌ಟಾಪ್ 50, ಸ್ಪೀಕರ್ 20, ಸೇರಿ 190 ವ್ಯಾಟ್. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1800 ವ್ಯಾಟ್ ಅವರ್ ಇರುತ್ತದೆ. ಬಾಳಿಕೆಗಾಗಿ ಅರ್ಧದಷ್ಟೇ ಬಳಸಿ, ಇನ್ವರ್ಟರಿನ ನಷ್ಟ ಕಳೆದರೆ ಸುಮಾರು 720 ಉಳಿಯುತ್ತದೆ, ಮೂರೂವರೆ ತಾಸು ಓಡುತ್ತದೆ. ಒಂದು ಶಾಲಾದಿನಕ್ಕೆ ಧಾರಾಳ. ಅದೇ ಇನ್ವರ್ಟರಿಗೆ ಫ್ಯಾನು, ಕಚೇರಿಯ ಪ್ರಿಂಟರ್ ಸೇರಿಸಿದರೆ ಲೆಕ್ಕವೆಲ್ಲ ತಲೆಕೆಳಗು. ಹಾಗಾಗಿ ಟಿವಿ ಕೋಣೆಗೆ ಬೇರೆ ಲೈನ್ ಎಳೆಸಿ.

ಲ್ಯಾಪ್‌ಟಾಪ್ ಸಿದ್ಧತೆ ಮನೆಯಲ್ಲೇ ಮುಗಿಯಲಿ

ಬಳಸಿದ ಲ್ಯಾಪ್‌ಟಾಪ್ ಕೊಡುವುದರಲ್ಲಿ ತಪ್ಪಿಲ್ಲ, ಆದರೆ ಕೆಳಮಿತಿ ಇರಲಿ: 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬೇಕಾದರೆ ಇಂಟೆಲ್‌ನ 8ನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ನೋಡಿ. ಅದಕ್ಕಿಂತ ಹಳೆಯದಾದರೆ ವಿಂಡೋಸ್ ಬದಲು ಉಬುಂಟು ಎಂಬ ಉಚಿತ ಲಿನಕ್ಸ್ ಹಾಕಿ.

ಕಂಪನಿಗಳು ದಾನ ಕೊಡುವ ಲ್ಯಾಪ್‌ಟಾಪಿನಲ್ಲಿ ಒಂದು ಬಲೆ ಇರುತ್ತದೆ. ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರೂ ಇಂಟರ್‌ನೆಟ್ ಸಿಕ್ಕ ಕೂಡಲೇ ಹಳೆಯ ಕಂಪನಿಯ ಲಾಗಿನ್ ಪರದೆ ಬಂದು ಕೂರಬಹುದು, ಏಕೆಂದರೆ ಯಂತ್ರದ ಗುರುತು ಆ ಕಂಪನಿಯ ಪಟ್ಟಿಯಲ್ಲಿ ನೋಂದಣಿಯಾಗಿರುತ್ತದೆ. ಆ ಪಟ್ಟಿಯಿಂದ ತೆಗೆಸಿ, ಬಯಾಸ್ (ಯಂತ್ರ ಆನ್ ಆದ ಕೂಡಲೇ ಓಡುವ ಮೂಲ ತಂತ್ರಾಂಶ) ಪಾಸ್‌ವರ್ಡ್ ಇದ್ದರೆ ಅದನ್ನೂ ತೆಗೆಸಿದ ಮೇಲಷ್ಟೇ ಸ್ವೀಕರಿಸಿ. ಟ್ಯಾಬ್ಲೆಟ್ ಆದರೆ ಹಳೆಯ ಗೂಗಲ್ ಖಾತೆಯನ್ನು ಸೆಟ್ಟಿಂಗ್ಸ್‌ನಲ್ಲಿ ತೆಗೆದು ಆಮೇಲೆ ರೀಸೆಟ್ ಮಾಡಬೇಕು. ಈ ಕ್ರಮ ತಪ್ಪಿದರೆ ಅದು ಹಳೆಯ ಖಾತೆಯ ಪಾಸ್‌ವರ್ಡನ್ನೇ ಕೇಳಬಹುದು.

ನಂತರ ಪ್ರತಿ ಯಂತ್ರಕ್ಕೂ ಈ ಕ್ರಮ:

1. ಬ್ಯಾಟರಿಯ ಈಗಿನ ಸಾಮರ್ಥ್ಯ ತೋರಿಸುವ ಬ್ಯಾಟರಿ ರಿಪೋರ್ಟ್ ತೆಗೆಯಿರಿ. ಪೂರ್ಣ ಚಾರ್ಜಿನ ಸಾಮರ್ಥ್ಯ ಮೂಲದ ಶೇ. 60ಕ್ಕಿಂತ ಕಡಿಮೆ ಇದ್ದರೆ ಬ್ಯಾಟರಿ ಬದಲಿಸಿ.
2. ಚಾರ್ಜರ್ ಕಿತ್ತು, ಎರಡು ದಿನ ಆಫ್ ಮಾಡಿಟ್ಟು ತಾರೀಖು ನೋಡಿ. ತಪ್ಪಿದ್ದರೆ ಒಳಗಿನ ಸಿಆರ್ 2032 ನಾಣ್ಯಬ್ಯಾಟರಿ ಮುಗಿದಿರಬಹುದು. ತಾರೀಖು ತಪ್ಪಿದರೆ ಬಹುತೇಕ ವೆಬ್‌ಸೈಟ್ ತೆರೆಯುವುದಿಲ್ಲ, ಮೇಷ್ಟ್ರು ನೆಟ್ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಈ ಬ್ಯಾಟರಿ ತೀರ ಅಗ್ಗ, ಹಳೆಯ ಯಂತ್ರಕ್ಕೆ ಕೇಳದೆಯೇ ಹೊಸದು ಹಾಕಿ.
3. ಕನ್ನಡ ಹಾಕಿ. ಶಾಲೆಯ ಪತ್ರ, ಪ್ರಶ್ನೆಪತ್ರಿಕೆ ಟೈಪಿಸುವ ಮೇಷ್ಟ್ರ ಬೆರಳು ಹೊಂದಿರುವುದು ನುಡಿ ಕೀಲಿಮಣೆಗೆ. ವಿಂಡೋಸಿನಲ್ಲಿ ನುಡಿ ತಂತ್ರಾಂಶ, ಉಬುಂಟುವಿನಲ್ಲಿ ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಮೂಲಕ ಅದೇ ಕೀಲಿಮಣೆಯ ಕೆಜಿಪಿ ವಿನ್ಯಾಸ ಸೇರಿಸಿ. ಯೂನಿಕೋಡ್ ಬರುವ ಮೊದಲಿನ ಹಳೆಯ ನುಡಿ ಫಾಂಟುಗಳೂ ಇರಲಿ. ಇಲ್ಲದಿದ್ದರೆ ವರ್ಷಗಳ ಪ್ರಶ್ನೆಪತ್ರಿಕೆಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ.
4. ನೆಟ್ ಇಲ್ಲದೆ ಓಡುವ ಪಾಠಗಳನ್ನು ತುಂಬಿ: ರಾಜ್ಯದ ಪಠ್ಯಪುಸ್ತಕಗಳ ಪಿಡಿಎಫ್, ಕಿವಿಕ್ಸ್ ಎಂಬ ಆಫ್‌ಲೈನ್ ಓದುಗ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯ, ಚಿಕ್ಕ ಮಕ್ಕಳ ಕಲಿಕೆಯ ಆಟಗಳಿರುವ ಜಿಕಾಂಪ್ರಿ, ಪರದೆಯ ಮೇಲೆ ಮಾಡುವ ಫೆಟ್ ವಿಜ್ಞಾನ ಪ್ರಯೋಗಗಳು, ಸ್ಟೋರಿವೀವರ್ ಜಾಲತಾಣದ ಕನ್ನಡ ಕಥೆಗಳು. ಸರ್ಕಾರದ ದೀಕ್ಷಾ ಆಪ್ ಪಠ್ಯಪುಸ್ತಕದ ಕ್ಯೂಆರ್ ಕೋಡಿನ ಪಾಠ ತೆರೆಯುತ್ತದೆ. ಅದನ್ನು ಮೇಷ್ಟ್ರ ಫೋನಿನಲ್ಲಿ ಹಾಕಿ, ಬೇಕಾದ ಪಾಠ ಮೊದಲೇ ಇಳಿಸಿಕೊಳ್ಳುವುದನ್ನು ತೋರಿಸಿ.
5. ಪಾಸ್‌ವರ್ಡ್ ಸುಲಭದ್ದಿರಲಿ. ಅದನ್ನು ಮುಚ್ಚಿದ ಲಕೋಟೆಯಲ್ಲಿ ಮುಖ್ಯ ಶಿಕ್ಷಕರ ಬೀರುವಿನಲ್ಲಿ ಇಡಿಸಿ.

ಟಿವಿಗೆ ನೇರ ಸಿಕ್ಕಿಸುವ ಪೆನ್‌ಡ್ರೈವ್‌ನಲ್ಲಿ ವೀಡಿಯೊಗಳು ಎಂಪಿ4 ಫೈಲ್, ಎಚ್.264 ಸಂಕೋಚನ, 720ಪಿ ಸ್ಪಷ್ಟತೆಯವಾಗಿರಲಿ. ಹೊಸ ಫೋನುಗಳು ತೆಗೆಯುವ ಎಚ್.265 ವೀಡಿಯೊ ಕೆಲವು ಟಿವಿಗಳಲ್ಲಿ ಓಡುವುದಿಲ್ಲ, ಧ್ವನಿ ಬಂದು ಚಿತ್ರ ಬರುವುದಿಲ್ಲ. ಪೆನ್‌ಡ್ರೈವ್ ಅನ್ನು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ್ದರೆ 4 ಜಿಬಿ ಮೀರಿದ ಫೈಲ್ ಅದರಲ್ಲಿ ಹಿಡಿಸುವುದಿಲ್ಲ.

ಕಾರಿಗೆ ತುಂಬುವಾಗ

ಲ್ಯಾಪ್‌ಟಾಪ್‌ಗಳನ್ನು ಶೇ. 40ರಿಂದ 60 ಚಾರ್ಜಿನಲ್ಲಿ ಇಟ್ಟು ಪೂರ್ತಿ ಆಫ್ ಮಾಡಿ, ಸ್ಲೀಪ್‌ನಲ್ಲಿ ಬಿಡಬೇಡಿ. ಪುಸ್ತಕದಂತೆ ನಿಲ್ಲಿಸಿ, ನಡುವೆ ಫೋಮ್ ಹಾಳೆ ಇಟ್ಟು, ಗಟ್ಟಿ ಡಬ್ಬದಲ್ಲಿ ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಇಡಿ. ಗುಂಡಿಯ ಕುಲುಕಾಟ ಹಿಂದಿನ ಚಕ್ರದ ಮೇಲಿನ ಡಿಕ್ಕಿಯಲ್ಲಿ ಹೆಚ್ಚು. ಚಿಕ್ಕ ಟಿವಿ ಒಯ್ಯಲೇಬೇಕಾದರೆ ನಿಲ್ಲಿಸಿಯೇ ಒಯ್ಯಿರಿ. ಮಲಗಿಸಿದರೆ ಪರದೆಯ ನಡುಭಾಗ ಕುಲುಕಿ ಸೀಳಬಹುದು. ರಾತ್ರಿ ಸಾಮಾನು ಕಾರಿನಲ್ಲಿ ಬಿಡಬೇಡಿ, ತಂಗುವ ಕೋಣೆಗೆ ಒಯ್ಯಿರಿ.

ಬಿಲ್‌ಗಳು, ಬಿಇಒ ಕಚೇರಿಯ ಪತ್ರ, ಸೀರಿಯಲ್ ನಂಬರಿನ ಪಟ್ಟಿ ಮುಂದಿನ ಡ್ರಾಯರಿನಲ್ಲಿರಲಿ. ಹೊಸ ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ದಾಖಲೆ) ಬಗ್ಗೆ ಕೊಳ್ಳುವಾಗಲೇ ಅಂಗಡಿಯವರಿಂದ ಇತ್ಯರ್ಥ ಮಾಡಿಸಿ.

ಕೈಸಾಮಾನು: ಡಿಜಿಟಲ್ ಮಲ್ಟಿಮೀಟರ್, ಟೆಸ್ಟರ್, ಸ್ಕ್ರೂಡ್ರೈವರ್ ಸೆಟ್, ಹ್ಯಾಮರ್ ಡ್ರಿಲ್, 8 ಎಂಎಂ ಆ್ಯಂಕರ್ ಬೋಲ್ಟ್, ಅಳತೆ ಟೇಪು, ಕೇಬಲ್ ಟೈ, ಬಿಡಿ ಪ್ಲಗ್ ಟಾಪ್ ಐದು, ಮಾರ್ಕರ್ ಪೆನ್.

ದಾರಿ ಮತ್ತು ದಿನ

ಭಾನುವಾರ ಬೆಂಗಳೂರಿನಿಂದ ಹೊರಟರೆ ಹಿರಿಯೂರು ಸುಮಾರು 160 ಕಿ.ಮೀ. ಮಧ್ಯಾಹ್ನ ವಾಣಿವಿಲಾಸ ಸಾಗರಕ್ಕೆ ಹೋಗಿ ಬನ್ನಿ. ನೋಡಿ ಬರುವುದಷ್ಟೇ ಅಲ್ಲ, ಪಾಠಕ್ಕೆ ಸಾಮಗ್ರಿಯನ್ನೂ ತನ್ನಿ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಈ ಮಾರಿಕಣಿವೆ ಅಣೆಕಟ್ಟು 1933ರ ನಂತರ 2022ರಲ್ಲಿ ಕೋಡಿ ಬಿದ್ದಿತು. ಇದನ್ನೇ ಫೋನಿನಲ್ಲಿ ಮೂರು ನಿಮಿಷ, ಫೋನು ಅಡ್ಡಹಿಡಿದು, ಕನ್ನಡದಲ್ಲಿ ವಿವರಿಸುತ್ತಾ ಚಿತ್ರಿಸಿದರೆ ಚಳ್ಳಕೆರೆಯ ಮಕ್ಕಳಿಗೆ ತಮ್ಮದೇ ಸೀಮೆಯ ನೀರಿನ ಪಾಠ ಸಿಗುತ್ತದೆ. ಮೇಷ್ಟ್ರಿಗೆ ಟಿವಿಯಲ್ಲಿ ಮೊದಲು ಹಾಕಲು ಇದಕ್ಕಿಂತ ಒಳ್ಳೆಯ ವೀಡಿಯೊ ಇಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಬಿಟ್ಟು 150ಎ ಹೆದ್ದಾರಿಯಲ್ಲಿ ಚಳ್ಳಕೆರೆ ದಾಟಿ ಮೊಳಕಾಲ್ಮೂರು ತಾಲ್ಲೂಕಿನ ಶಾಲೆ. ಅಲ್ಲಿ ಹಲವು ಮಕ್ಕಳ ಮನೆಮಾತು ತೆಲುಗು, ಆದ್ದರಿಂದ ಚಿತ್ರ ಹೆಚ್ಚಿರುವ, ನಿಧಾನವಾಗಿ ಮಾತಾಡುವ ಕನ್ನಡ ವೀಡಿಯೊ ಆರಿಸಿಟ್ಟಿರಿ. ಮಧ್ಯಾಹ್ನದ ಮೇಲೆ ಸಿದ್ದಾಪುರ, ಬ್ರಹ್ಮಗಿರಿಯ ಅಶೋಕನ ಶಾಸನಗಳು. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಇವನ್ನು ಬೆಳಕಿಗೆ ತಂದರು, 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಅಶೋಕನ ಪಾಠ ಪುಸ್ತಕದಲ್ಲಿದೆ, ಬಂಡೆ ಮಕ್ಕಳ ಸ್ವಂತ ತಾಲ್ಲೂಕಿನಲ್ಲಿದೆ. ಆ ಫೋಟೊ ಪೆನ್‌ಡ್ರೈವಿಗೆ ಹೋಗಲಿ. ರಾತ್ರಿ ಚಳ್ಳಕೆರೆಯಲ್ಲಿ ತಂಗಿ.

ಮಂಗಳವಾರ ಚಳ್ಳಕೆರೆ ತಾಲ್ಲೂಕಿನ ಶಾಲೆ, ಬುಧವಾರ ಜಗಳೂರು ತಾಲ್ಲೂಕಿನ ಶಾಲೆ, ರಾತ್ರಿ ದಾವಣಗೆರೆ. ಗುರುವಾರ ಶಾಲೆ ಇಟ್ಟುಕೊಳ್ಳಬೇಡಿ. ಮೂರೂ ಶಾಲೆಗೆ ಫೋನ್ ಮಾಡಿ ಏನು ಬೇಕೆಂದು ಕೇಳಿ, ದಾವಣಗೆರೆಯಲ್ಲಿ ಕೊಂಡುಕೊಳ್ಳಿ. ಬೆಳಿಗ್ಗೆ ಬೆಣ್ಣೆದೋಸೆ, ಸಂಜೆ ಹರಿಹರದಲ್ಲಿ ಹೊಯ್ಸಳರ ಕಾಲದ ಹರಿಹರೇಶ್ವರ ದೇವಾಲಯ. ಶುಕ್ರವಾರ ಬೆಳಿಗ್ಗೆ ಜಗಳೂರು, ಮಧ್ಯಾಹ್ನ ಚಳ್ಳಕೆರೆ ಶಾಲೆಗೆ ಎರಡನೇ ಭೇಟಿ. ಶನಿವಾರ ಬೆಳಗಿನ ತರಗತಿಯಾದ್ದರಿಂದ ಬೇಗ ಹೊರಟು ಮೊಳಕಾಲ್ಮೂರು ಶಾಲೆಗೆ. ಆಮೇಲೆ ಚಿತ್ರದುರ್ಗಕ್ಕೆ ಬಂದು, ಭಾನುವಾರ ಬೆಳಿಗ್ಗೆ ತಂಪಿನಲ್ಲಿ ಏಳು ಸುತ್ತಿನ ಕೋಟೆ ಹತ್ತಿ ಬೆಂಗಳೂರಿಗೆ. ಅಕ್ಕ–ತಂಗಿ ಹೊಂಡಗಳನ್ನು ಚಿತ್ರಿಸುವಾಗ ಫೋನು ಕೈಯಲ್ಲೇ ಹಿಡಿಯಿರಿ. ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಡ್ರೋನ್, ಟ್ರೈಪಾಡ್ ಬಳಸುವಂತಿಲ್ಲ.

ಶಾಲೆಯ ಮೂರು ತಾಸು

ಮೊದಲು ಕರೆಂಟು, ಆಮೇಲೆ ಡಬ್ಬ. ಊರಿನ ಎಲೆಕ್ಟ್ರಿಷಿಯನ್ ಜೊತೆಗಿರಲಿ. ಮಲ್ಟಿಮೀಟರಿನಲ್ಲಿ ಫೇಸ್–ನ್ಯೂಟ್ರಲ್ ನಡುವೆ 220ರಿಂದ 240 ವೋಲ್ಟ್ ಬರಬೇಕು, ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್–ಅರ್ಥ್ ನಡುವೆ ಐದು ವೋಲ್ಟ್ ಮೀರಬಾರದು. ಫೇಸ್–ಅರ್ಥ್ ಅಂಕಿ ತೀರಾ ಕಡಿಮೆಯಿದ್ದರೆ ಅಥವಾ ಓಲಾಡಿದರೆ ಅರ್ಥಿಂಗ್ ಇಲ್ಲ ಎಂದೇ ತಿಳಿಯಿರಿ. ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ಮೆನ್ನುವುದು ಬಹುತೇಕ ಈ ಕಾರಣಕ್ಕೇ. ಹಾಗೆ ಒಮ್ಮೆ ಆದರೆ ಮೇಷ್ಟ್ರು ಮತ್ತೆ ಮುಟ್ಟುವುದಿಲ್ಲ, ಮುಟ್ಟಬಾರದು ಕೂಡ. ಕಲ್ಲುನೆಲದ, ಮಳೆ ಕಡಿಮೆಯ ಈ ಸೀಮೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ನಿಷ್ಪ್ರಯೋಜಕವಾಗುತ್ತದೆ. ಇದ್ದಿಲು–ಉಪ್ಪು ತುಂಬಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಬಕೆಟ್ ನೀರು ಹಾಕುವ ಕೆಲಸವನ್ನು ಯಾರಿಗಾದರೂ ಒಪ್ಪಿಸಿ.

ಟಿವಿಯ ಕೆಳಅಂಚು ಬೆಂಚಿನ ತರಗತಿಯಲ್ಲಿ ನೆಲದಿಂದ 120 ಸೆಂ.ಮೀ., ಚಿಕ್ಕ ಮಕ್ಕಳು ನೆಲದಲ್ಲಿ ಕೂತು ಚಟುವಟಿಕೆಯಿಂದ ಕಲಿಯುವ ನಲಿ–ಕಲಿ ಕೋಣೆಯಲ್ಲಿ 90 ಇರಲಿ. ಕಿಟಕಿ ಎದುರು ಬೇಡ, ಕಿಟಕಿ ಪಕ್ಕದ ಗೋಡೆ ಸರಿ. ಮಣ್ಣುಗೋಡೆಯಲ್ಲಿ ಆ್ಯಂಕರ್ ನಿಲ್ಲುವುದಿಲ್ಲ. ಅಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಮಕ್ಕಳು ಎಳೆದರೂ ಬೀಳದಂತೆ ನೆಲಕ್ಕೆ ಬೋಲ್ಟ್ ಹಾಕಿಸಿ. ಉಪಕರಣ ಇಡುವ ಬೀರು ಬಿಸಿಯೂಟದ ಅಕ್ಕಿ ಇರುವ ಕೋಣೆಯಲ್ಲಿ ಬೇಡವೇ ಬೇಡ. ಅಕ್ಕಿಗೆ ಬರುವ ಇಲಿ ಕೇಬಲನ್ನೂ ಕಡಿಯುತ್ತದೆ. ಬಳಸದ ಪೋರ್ಟುಗಳಿಗೆ ಟೇಪ್ ಅಂಟಿಸಿ, ಕಡಜ ಅಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ.

ಜೋಡಣೆ ಒಂದು ತಾಸು. ಉಳಿದ ಎರಡು ತಾಸು ಪೂರ್ತಿ ಶಿಕ್ಷಕರದು. ನೀವು ಮಾಡಿ ತೋರಿಸಬೇಡಿ, ನಿಮ್ಮ ಕೈ ಕಟ್ಟಿಕೊಳ್ಳಿ. ಮೇಡಂ ತಾವೇ ಪ್ಲಗ್ ಹಾಕಿ, ಟಿವಿ ಇನ್‌ಪುಟ್ ಬದಲಿಸಿ, ನಾಳೆಯ ಪಾಠ ತೆರೆದು, ಧ್ವನಿ ಹೊಂದಿಸಿ, ಮುಚ್ಚಿ, ಬೀಗ ಹಾಕಲಿ. ಎಲ್ಲವನ್ನೂ ಕಿತ್ತು ಎರಡನೇ ಶಿಕ್ಷಕರು ಮೊದಲಿನಿಂದ ಮಾಡಲಿ. ಕೇಬಲಿನ ಎರಡೂ ತುದಿಗೆ, ಪೋರ್ಟಿಗೆ ಒಂದೇ ಬಣ್ಣದ ಟೇಪ್ ಅಂಟಿಸಿ. ಗೋಡೆಗೆ ಕನ್ನಡದಲ್ಲಿ ಬರೆದ ಒಂದು ಹಾಳೆ ಹಾಕಿ: ಚಿತ್ರ ಬರದಿದ್ದರೆ ಏನು, ಧ್ವನಿ ಬರದಿದ್ದರೆ ಏನು, ಯಾರಿಗೆ ಫೋನ್ ಮಾಡಬೇಕು.

ಹಾರ, ಶಾಲು, ಭಾಷಣ ಬೇಡವೆಂದು ಮೊದಲೇ ವಿನಂತಿಸಿ. ಸಮಾರಂಭ ಸೇರಿದರೆ ಆ ಎರಡು ತಾಸು ಕರಗಿಹೋಗುತ್ತದೆ. ಮಕ್ಕಳ ಮುಖ ಕಾಣುವ ಫೋಟೊಗಳನ್ನು ಎಲ್ಲಿಯೂ ಹಾಕಬೇಡಿ.

ಕಾಗದ ಪತ್ರ

ಕೊಟ್ಟ ಉಪಕರಣ ಬೀರುವಿನಲ್ಲೇ ಉಳಿಯಲು ದೊಡ್ಡ ಕಾರಣ ಭಯ: ಕೆಟ್ಟರೆ ನನ್ನ ಸಂಬಳದಲ್ಲಿ ಕಟ್ಟಬೇಕಾದೀತು, ಆಡಿಟ್‌ನಲ್ಲಿ ಕೇಳಿಯಾರು. ಇದಕ್ಕೆ ಮದ್ದು ಕಾಗದದಲ್ಲೇ ಇದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ದಾನ ಸ್ವೀಕಾರದ ಜೊತೆಗೆ, ತರಗತಿ ಬಳಕೆಯಲ್ಲಿ ಸಹಜವಾಗಿ ಕೆಟ್ಟರೆ ಶಿಕ್ಷಕರು ವೈಯಕ್ತಿಕವಾಗಿ ಹೊಣೆಯಲ್ಲ ಎಂಬ ಸಾಲು ಬರೆಸಿ. ನಿಮ್ಮ ದಾನಪತ್ರದಲ್ಲೂ ಅದೇ ಸಾಲು ಇರಲಿ. ಮಾದರಿ, ಸೀರಿಯಲ್ ನಂಬರ್ ಸಹಿತ ಪಟ್ಟಿ ಮೂರು ಪ್ರತಿ: ಶಾಲೆಗೆ, ಸಿಆರ್‌ಪಿ ಮೂಲಕ ಬಿಇಒ ಕಚೇರಿಗೆ, ನಿಮಗೆ. ಅಂದೇ ದಾಸ್ತಾನು ವಹಿಯಲ್ಲಿ ದಾಖಲಾಗಲಿ. ಮೇಷ್ಟ್ರಿಗೆ ವರ್ಗವಾದರೂ ವಸ್ತು ಶಾಲೆಯಲ್ಲೇ ಉಳಿಯುತ್ತದೆ.

ಹಣದ ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ ವಸ್ತುರೂಪದ ದಾನಕ್ಕೆ ಇಲ್ಲ ಎನ್ನುವುದು ನೆನಪಿರಲಿ.

ವಾಪಸು ಬರುವಾಗ

ಎರಡನೇ ಭೇಟಿಗೆ ಒಂದೂವರೆ ತಾಸು ಇಟ್ಟುಕೊಳ್ಳಿ. ಹೋದ ಕೂಡಲೇ ಹೇಗಿದೆ ಎಂದು ಕೇಳಬೇಡಿ. ಚೆನ್ನಾಗಿದೆ ಸಾರ್ ಎನ್ನುತ್ತಾರೆ, ಅದು ಮರ್ಯಾದೆಯ ಮಾತು. ಅನುಮತಿ ಕೇಳಿ ಹಿಂದಿನ ಸಾಲಿನಲ್ಲಿ ಕೂತು ಒಂದು ಪಾಠ ನೋಡಿ. ಟಿವಿ ಆನ್ ಮಾಡಿ ಪಾಠ ಶುರುವಾಗಲು ಐದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಮುಂದಿನ ತಿಂಗಳು ಆ ಟಿವಿ ನಿಲ್ಲುತ್ತದೆ. ಎಲ್ಲಿ ತಡವಾಗುತ್ತಿದೆ ಎಂದು ಗುರುತಿಸಿ ಅದೊಂದನ್ನೇ ಸರಿಪಡಿಸಿ: ಫೈಲುಗಳನ್ನು ತರಗತಿವಾರು ಫೋಲ್ಡರಿಗೆ ಹಾಕುವುದು, ರಿಮೋಟನ್ನು ದಾರ ಕಟ್ಟಿ ನೇತುಹಾಕುವುದು, ಬೀರುವಿನ ಕೀಲಿಕೈಯ ಎರಡನೇ ಪ್ರತಿ ತರಗತಿ ಶಿಕ್ಷಕರಿಗೆ ಕೊಡಿಸುವುದು.

ಚೆನ್ನಾಗಿ ಬಳಸುತ್ತಿರುವ ಶಿಕ್ಷಕರು ತಿಂಗಳಿಗೊಮ್ಮೆ ನಡೆಯುವ ಸಮೂಹ ಮಟ್ಟದ ಸಮಾಲೋಚನಾ ಸಭೆಯಲ್ಲಿ ತಮ್ಮ ಪಾಠ ತೋರಿಸುವಂತೆ ಸಿಆರ್‌ಪಿ ಅವರನ್ನು ಕೋರಿ. ಪಕ್ಕದ ಊರಿನ ಮೇಷ್ಟ್ರು ಹೇಳಿಕೊಡುವುದು ನಾವು ಹೇಳುವುದಕ್ಕಿಂತ ಬೇಗ ತಲೆಗೆ ಹೋಗುತ್ತದೆ.

ಆಮೇಲೆ ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ ಮೂರು ವಿಷಯ ವಿಚಾರಿಸಿ: ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದ್ದಾರೆಯೇ, ಚಾರ್ಜರ್ ವೈರ್ ಬುಡದಲ್ಲಿ ಸೀಳಿದೆಯೇ, ಕಳೆದ ವಾರ ಯಾವ ಪಾಠ ತೋರಿಸಿದರು. ಏಪ್ರಿಲ್ ರಜೆಗೆ ಮುಂಚೆ ಲ್ಯಾಪ್‌ಟಾಪ್‌ಗಳನ್ನು ಅರ್ಧ ಚಾರ್ಜಿನಲ್ಲಿ ಬೀರುವಿಗೆ ಹಾಕಿ, ಟಿವಿಯ ಪ್ಲಗ್ ಕಿತ್ತಿಡಲು ಹೇಳಿ, ಏಕೆಂದರೆ ಮುಂಗಾರುಪೂರ್ವ ಸಿಡಿಲಿಗೆ ಸ್ಟೆಬಿಲೈಸರ್ ತಡೆಯಾಗುವುದಿಲ್ಲ. ಇನ್ವರ್ಟರನ್ನು ಮಾತ್ರ ಪೂರ್ತಿ ಆಫ್ ಮಾಡಿ ಎರಡು ತಿಂಗಳು ಮರೆಯಬಾರದು. ಮೊದಲು ಪೂರ್ಣ ಚಾರ್ಜ್ ಮಾಡಿ, ರಜೆಯ ನಡುವೆ ಒಮ್ಮೆ ಯಾರಾದರೂ ಬಂದು ಅರ್ಧ ದಿನ ಚಾರ್ಜಿಗೆ ಹಾಕಬೇಕು. ಇಲ್ಲದಿದ್ದರೆ ಜೂನ್‌ನಲ್ಲಿ ಬ್ಯಾಟರಿ ಎತ್ತುವುದಿಲ್ಲ.